ಸೀಟಿ ಮರೆತ ಮಧ್ಯಾಹ್ನ

ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯಿನಿಯವರೇ, ಮುಖ್ಯ ಅತಿಥಿಯಾಗಿ ಬಂದಿರುವ ನಮ್ಮ ಹಳೆಯ ವಿದ್ಯಾರ್ಥಿನಿ, ದೂರದ ಓಟದಲ್ಲಿ ಪದಕದ ಮೇಲೆ ಪದಕ ಗೆದ್ದಿರುವ ಓಟಗಾರ್ತಿಯವರೇ, ಮೊದಲ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿರುವ ಗಣಿತದ ಮೇಷ್ಟ್ರೇ, ಶಿಕ್ಷಕ ವೃಂದದವರೇ, ಕೂತಲ್ಲೇ ಕಾಲು ಆಡಿಸುತ್ತಿರುವ ಮಕ್ಕಳೇ, ಅವರ ತಂದೆತಾಯಿಯರೇ, ಸಭಿಕರೇ, ಮತ್ತು ಈ ದಿನ ನಿವೃತ್ತಿಯಾಗುತ್ತಿರುವ, ಈ ಕ್ಷಣ ನನ್ನನ್ನು ಕಣ್ಣಲ್ಲೇ ಗದರಿಸುತ್ತಿರುವ ನನ್ನ ತಂಗಿಯೇ,

ನಿಮ್ಮೆಲ್ಲರಿಗೂ ಕ್ಯಾಂಟೀನಿನ ಪರವಾಗಿ ವಂದನೆಗಳು.

ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಈ ಶಾಲೆಯಲ್ಲಿ ನಾನು ಇಷ್ಟು ವರ್ಷ ಆಡಿದ್ದೆಲ್ಲ ಕ್ಯಾಂಟೀನಿನ ಕಿಟಕಿಯಿಂದ. "ಸಾಲಾಗಿ ನಿಲ್ಲಿ", "ಚಿಲ್ಲರೆ ಕೊಡಿ", "ಲೋಟ ವಾಪಸ್ ಇಡಿ", ಈ ಮೂರು ಮಾತಿನಲ್ಲೇ ನನ್ನ ಸಾರ್ವಜನಿಕ ಜೀವನ ಮುಗಿದಿದೆ. ಮುಖ್ಯೋಪಾಧ್ಯಾಯಿನಿಯವರು ಹೋದ ತಿಂಗಳು ಬಂದು, "ನೀವು ಟೀಚರ್ ಅಕ್ಕ ಅಲ್ವಾ, ಐದು ನಿಮಿಷ ನಾಲ್ಕು ಒಳ್ಳೆ ಮಾತಾಡಿ" ಎಂದರು. ನಾನು ಒಪ್ಪಿಕೊಂಡೆ. ನನ್ನ ತಂಗಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳುವುದಕ್ಕೆ ಐದು ನಿಮಿಷ ಧಾರಾಳವಾಗಿ ಸಾಕು ಎಂದೇ ಅಂದುಕೊಂಡಿದ್ದೆ.

ಆದರೆ ನನಗಿಂತ ಮುಂಚೆ ಮುಖ್ಯ ಅತಿಥಿಗಳು ಮಾತಾಡಿದರು. ಏನು ಹೇಳಿದರು? "ಏಳನೇ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಟೀಚರ್ ನಮ್ಮನ್ನು ನಿಲ್ಲಿಸದೆ ಓಡಿಸಿದರು. ಅಳುತ್ತಾ ಓಡಿದೆವು. ಆ ಕಠಿಣ ಶಿಸ್ತಿನಿಂದಲೇ ನಾನು ಓಟಗಾರ್ತಿಯಾದೆ" ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಸಭಿಕರೇ, ಆ ಚಪ್ಪಾಳೆಯ ಬಗ್ಗೆಯೇ ನಾನು ಈಗ ಮಾತಾಡಬೇಕಾಗಿದೆ. ಗಣಿತದ ಮೇಷ್ಟ್ರು ಕ್ಷಮಿಸಬೇಕು, ಇದು ಐದು ನಿಮಿಷದಲ್ಲಿ ಮುಗಿಯುವುದಿಲ್ಲ.

ಮೊದಲು ನಮ್ಮಿಬ್ಬರನ್ನು ಒಮ್ಮೆ ಸರಿಯಾಗಿ ನೋಡಿ. ಅವಳು ಬಾಗಿಲಿನ ಸಂದಿಯಲ್ಲಿ ನುಸುಳಿ ಬರುವವಳು. ನನಗೆ ಎರಡೂ ಬಾಗಿಲು ತೆಗೆಯಬೇಕು. ಒಂದೇ ತಾಯಿಯ ಮಕ್ಕಳು ಎಂದರೆ ಹೊಸಬರು ನಗುತ್ತಾರೆ. ನಾನು ಅಮ್ಮನ ಕಡೆ, ಅವಳು ಅಪ್ಪನ ಕಡೆ. ನಮ್ಮಪ್ಪ ಟೈಲರ್. ಕಡ್ಡಿಯಂಥ ಮನುಷ್ಯ, ಗಾಳಿಯಂತೆ ನಡೆಯುತ್ತಿದ್ದ. "ನನಗೆ ಅಪ್ಪನ ಮೈಕಟ್ಟು ಬಂದಿದೆ" ಎಂದು ಇವಳಿಗೆ ಚಿಕ್ಕಂದಿನಿಂದ ಒಂದು ಹೆಮ್ಮೆ. ಹೆಮ್ಮೆ ಇದ್ದರೆ ಇರಲಿ, ಅದನ್ನು ದಿನಾ ನನ್ನ ತಟ್ಟೆಯ ಎದುರು ಕೂತು ಹೇಳಬೇಕೇ?

ನನ್ನ ಯಜಮಾನರು ತೀರಿಕೊಂಡ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಬೆಳಗ್ಗೆ ನಾನು ಬನ್ನಿಗೆ ಬೆಣ್ಣೆ ಸವರುತ್ತಿದ್ದರೆ ಅವಳು ಪಕ್ಕದಲ್ಲಿ ನಿಂತು, "ಅಕ್ಕಾ, ಅದು ಬೆಣ್ಣೆ ಅಲ್ಲ, ನಿನ್ನ ಡೆತ್ ಸರ್ಟಿಫಿಕೇಟು" ಎನ್ನುತ್ತಿದ್ದಳು. ಸಂಜೆ ನಾನು ಒಂದು ತುಂಡು ಕೇಕು ಬಾಯಿಗಿಟ್ಟರೆ, "ಕೊಲೆಸ್ಟ್ರಾಲು!" ಎಂದು ಕೂಗುತ್ತಿದ್ದಳು. ಮನೆಗೆ ಕಳ್ಳ ನುಗ್ಗಿದರೆ ಜನ ಹಾಗೆ ಕೂಗುತ್ತಾರೆ. ಅವಳ ತಟ್ಟೆಯಲ್ಲೋ ಬರೀ ಎಲೆ. ಮೇಯುವುದೋ ತಿನ್ನುವುದೋ ಹೇಳುವುದು ಕಷ್ಟವಾಗಿತ್ತು.

ಮಕ್ಕಳು ಅವಳನ್ನು ಸೀಟಿ ಟೀಚರ್ ಎನ್ನುತ್ತಾರೆ. ಎದುರಿಗೆ ಪೀಟಿ ಟೀಚರ್, ಬೆನ್ನ ಹಿಂದೆ ಸೀಟಿ ಟೀಚರ್. ಅವಳಿಗೆ ಅದು ಗೊತ್ತು, ಒಳಗೊಳಗೇ ಖುಷಿ. ಅವಳ ನಿಜವಾದ ದೊಡ್ಡಸ್ತಿಕೆ ಮಾತ್ರ ಸೀಟಿಯಲ್ಲಿರಲಿಲ್ಲ, ತಲೆಯಲ್ಲಿತ್ತು. ಈ ಶಾಲೆಯ ಪ್ರತಿಯೊಂದು ಮಗುವಿನ ಹೆಸರು ಅವಳಿಗೆ ಬಾಯಿಪಾಠ. ಹೆಸರಷ್ಟೇ ಅಲ್ಲ, ಅದರ ಅಣ್ಣ ಯಾವ ಕಾಲಲ್ಲಿ ಚೆಂಡು ಒದೆಯುತ್ತಿದ್ದ, ಅದರ ಅಮ್ಮ ಹಗ್ಗಜಗ್ಗಾಟದಲ್ಲಿ ಯಾವ ಕಡೆ ನಿಂತಿದ್ದಳು, ಎಲ್ಲ. ಗೋಡೆ ಹಾರಿ ಓಡಿಹೋಗುವ ಹುಡುಗನನ್ನು ಅವನ ಬೆನ್ನು ನೋಡಿ ಹೆಸರು ಹಿಡಿದು ಕರೆಯುತ್ತಿದ್ದಳು. ಪಾಪ, ಅವನು ಅರ್ಧ ಗೋಡೆ ಇಳಿದು ವಾಪಸ್ಸು ಬರುತ್ತಿದ್ದ.

ಅಂಥವಳು ಏಳೆಂಟು ವರ್ಷಗಳ ಹಿಂದೆ ಮಕ್ಕಳನ್ನು "ಏ ನೀಲಿ ರಿಬ್ಬನ್ನು", "ಏ ಕನ್ನಡಕ" ಎಂದು ಕರೆಯಲು ಶುರು ಮಾಡಿದಳು. ನಾನು ಕಿಟಕಿಯಿಂದ ಕೇಳಿಸಿಕೊಂಡೆ, ವಯಸ್ಸಾದ ಮೇಲೆ ಸ್ವಲ್ಪ ಸಲಿಗೆ ಬಂದಿದೆ ಅಂದುಕೊಂಡೆ. ಮನೆಯಲ್ಲಿ ಕೇಳಿದ್ದನ್ನೇ ಮತ್ತೆ ಕೇಳುವಳು. "ಗ್ಯಾಸ್ ಹೇಳಿದ್ಯಾ?" ಹೇಳಿದೆ ಕಣೆ. ಮುಖ ತೊಳೆದು ಬಂದು, "ಗ್ಯಾಸ್ ಹೇಳಿದ್ಯಾ?" ನನ್ನನ್ನು ರೇಗಿಸುತ್ತಿದ್ದಾಳೆ ಅಂದುಕೊಂಡೆ. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಯಾಕೆಂದರೆ ನನ್ನ ತಂಗಿಗೆ ಹಾಸ್ಯ ಬರುವುದಿಲ್ಲ.

ಈಗ ಆ ಮಧ್ಯಾಹ್ನಕ್ಕೆ ಬರುತ್ತೇನೆ.

ಊಟದ ಬಿಡುವು ಮುಗಿದಿತ್ತು. ಏಳನೇ ತರಗತಿಯ ಆಟದ ಪೀರಿಯಡ್ಡು. ಮೈದಾನದಲ್ಲಿ ಸುಣ್ಣದ ಗೆರೆ ಹೊಸದಾಗಿ ಹಾಕಿತ್ತು. ಅವಳು ಮಕ್ಕಳನ್ನು ಗೆರೆಯ ಮೇಲೆ ನಿಲ್ಲಿಸಿ ಎಂದಿನಂತೆ ತನ್ನ ಕಾಯಿದೆ ಓದಿದಳು: "ನನ್ನ ಸೀಟಿ ಕೇಳೋವರೆಗೂ ಯಾರೂ ನಿಲ್ಲಂಗಿಲ್ಲ!" ಊದಿದಳು. ಮಕ್ಕಳು ಹೊರಟವು. ಗಂಟಲು ಒಣಗಿತ್ತೋ ಏನೋ, ಅವಳು ಸೀದಾ ಕ್ಯಾಂಟೀನಿಗೆ ಬಂದು ಒಳಗಿನ ಬೆಂಚಿನ ಮೇಲೆ ಕೂತು, ಹಾಲು ಸಕ್ಕರೆ ಎರಡೂ ಇಲ್ಲದ ಆ ಕಪ್ಪು ಚಹಾ ಕೇಳಿದಳು. ಕೊಟ್ಟೆ. ವಾಲಿಬಾಲ್ ನೆಟ್ಟು ಹರಿದಿದೆ, ಹೊಸದು ಕೊಡಿಸುತ್ತಿಲ್ಲ ಎಂದು ಶುರು ಮಾಡಿದಳು. ಶುರು ಮಾಡಿದರೆ ನಿಲ್ಲಿಸುವವಳಲ್ಲ.

ಮಕ್ಕಳು ಕಿಟಕಿಯ ಮುಂದೆ ಹಾದುಹೋದವು. ಚೆಂದವಾಗಿ ಸಾಲಾಗಿ. ಮತ್ತೆ ಹಾದುಹೋದವು. ಸಾಲು ಸ್ವಲ್ಪ ಉದ್ದವಾಗಿತ್ತು. ಮತ್ತೆ ಬಂದಾಗ ಮುಖಗಳು ಟೊಮೆಟೊ ಆಗಿದ್ದವು. ಒಬ್ಬ ದಪ್ಪ ಹುಡುಗ, ನನ್ನ ಪಕ್ಷದವನು, ಓಡುತ್ತಲೇ ನನ್ನ ಕಡೆ ತಿರುಗಿ ಎರಡೂ ಕೈ ಎತ್ತಿ ಬೇಡಿಕೊಳ್ಳುವ ಹಾಗೆ ಮಾಡಿದ. ಬಿಸ್ಕತ್ತು ಕೇಳುತ್ತಿದ್ದಾನೆ ಅಂದುಕೊಂಡೆ. ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು ಎತ್ತಿ ತೋರಿಸಿದೆ, ಆಮೇಲೆ ಕೊಡ್ತೀನಿ ಅಂತ. ಅವನು ನನ್ನನ್ನು ನೋಡಿದ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

ಇನ್ನೊಂದು ಸಲ ಬಂದಾಗ ಸಾಲು ಇರಲೇ ಇಲ್ಲ. ಕೆಲವರು ಕೈ ಮಾತ್ರ ಬೀಸುತ್ತಿದ್ದರು, ಕಾಲು ನಡೆಯುತ್ತಿದ್ದವು. ಇಬ್ಬರು ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು. ಯಾರೂ ನಿಂತಿರಲಿಲ್ಲ. ನಿಲ್ಲಂಗಿಲ್ಲ ಎಂದರೆ ನಿಲ್ಲಂಗಿಲ್ಲ. "ಅಲ್ಲ ಕಣೆ, ಆ ಮಕ್ಕಳನ್ನ ಯಾವಾಗ ನಿಲ್ಲಿಸ್ತೀಯ?" ಎಂದೆ.

"ಯಾವ ಮಕ್ಕಳು?" ಎಂದಳು.

ಕಿಟಕಿಯ ಕಡೆ ತಿರುಗಿದಳು. ಸ್ವಲ್ಪ ಹೊತ್ತು ನೋಡಿದಳು. ಅವಳ ಹುಬ್ಬು ಗಂಟಾಯಿತು.

"ಯಾರ ಪೀರಿಯಡ್ ಅಕ್ಕಾ ಇದು? ಈ ಬಿಸಿಲಲ್ಲಿ ಮಕ್ಕಳನ್ನ ಹೀಗೆ ಓಡಿಸ್ತಾರಾ? ಯಾರು ಆ ಬುದ್ಧಿ ಇಲ್ಲದೋರು?"

ನಾನು ನಕ್ಕೆ. ಕೈಯಲ್ಲಿ ಬಿಸ್ಕತ್ತು ಹಿಡಿದುಕೊಂಡು ಜೋರಾಗಿ ನಕ್ಕೆ. ಅವಳು ನಗಲಿಲ್ಲ. ಕೋಪದಲ್ಲಿ ಎದ್ದು ನಿಂತಿದ್ದಳು, ಯಾರನ್ನು ಬೈಯಲಿ ಎಂದು ಮೈದಾನದ ತುದಿಯವರೆಗೂ ಹುಡುಕುತ್ತಿದ್ದಳು. ಆಗ ನನ್ನ ನಗು ಒಳಗೇ ಸತ್ತುಹೋಯಿತು. "ಸೀಟಿ ನಿನ್ನ ಕೊರಳಲ್ಲೇ ಇದೆ ಕಣೆ" ಎಂದೆ, ಮೆಲ್ಲಗೆ.

ಅವಳು ಕೊರಳು ಮುಟ್ಟಿ ನೋಡಿಕೊಂಡಳು. ಆಮೇಲೆ ಅವಳ ಮುಖದ ಮೇಲೆ ಬಂದದ್ದು ಏನೆಂದು ಈ ಸಭೆಯಲ್ಲಿ ನಾನು ಹೇಳಲಾರೆ. ಓಡಿದಳು. ಊದಿದಳು. ಮಕ್ಕಳು ನಿಂತಲ್ಲೇ ಚೀಲದಂತೆ ಬಿದ್ದವು. ಆ ಶಬ್ದಕ್ಕೆ ಮುಖ್ಯೋಪಾಧ್ಯಾಯಿನಿಯವರು ಮಹಡಿಯ ವರಾಂಡಕ್ಕೆ ಬಂದು, "ಏನ್ ನಡೀತಿದೆ ಅಲ್ಲಿ?" ಎಂದರು. ತಂಗಿ ಮೇಡಂ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನನಗೆ ಏನು ಹೊಳೆಯಿತೋ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದೆ: "ದೂರದ ಓಟದ ಅಭ್ಯಾಸ ಮೇಡಂ! ಹೊಸದು!"

ಓ... ಮೇಡಂ, ಇದು ನಿಮಗೆ ಇವತ್ತೇ ಗೊತ್ತಾಗುತ್ತಿದೆ ಅಲ್ಲವೇ? ದಯವಿಟ್ಟು ಕೂತುಕೊಳ್ಳಿ. ನಿಮ್ಮ ಮೇಲೆ ನನಗೆ ತುಂಬ ಗೌರವವಿದೆ. ಮರುದಿನವೇ ನೀವು ಪ್ರಾರ್ಥನೆಯಲ್ಲಿ ಅದನ್ನು ಹೊಗಳಿ, ವಾರಕ್ಕೊಮ್ಮೆ ದೂರದ ಓಟ ಎಂದು ವೇಳಾಪಟ್ಟಿಯಲ್ಲೇ ಹಾಕಿಸಿದಿರಿ. ಬೇರೆ ಶಾಲೆಯವರೂ ಬಂದು ನೋಡಿಕೊಂಡು ಹೋದರು. ಒಂದು ಮರೆವು ಪಠ್ಯಕ್ರಮವಾಯಿತು.

ಆಗಲೇ ಮಕ್ಕಳಿಗೆಲ್ಲ ನೀರು, ಶರಬತ್ತು, ಡಬ್ಬಿಯಲ್ಲಿದ್ದ ಬಿಸ್ಕತ್ತೆಲ್ಲ ಹಂಚಿದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಮನೆಗೆ ಹೋಗುವ ದಾರಿಯಲ್ಲಿ ಇಬ್ಬರ ತಲೆಯಲ್ಲೂ ಇದ್ದವನು ಒಬ್ಬನೇ, ಅಪ್ಪ.

ಅಪ್ಪ ಕೊನೆಕೊನೆಗೆ ಒಂದೇ ಕಡೆ ಎರಡು ತೋಳು ಹೊಲಿಯುತ್ತಿದ್ದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅಮ್ಮ, "ಬೇಕಂತಲೇ ಮಾಡ್ತಾರೆ, ಕೆಲಸ ತಪ್ಪಿಸ್ಕೊಳ್ಳೋಕೆ" ಎನ್ನುತ್ತಿದ್ದಳು. ಆಗೆಲ್ಲ ಯಾರು ರಕ್ತ ಪರೀಕ್ಷೆ ಮಾಡಿಸುತ್ತಿದ್ದರು? ಅದೂ ಕಡ್ಡಿಯಂಥ ಮನುಷ್ಯನಿಗೆ? ಒಂದು ದಿನ ಇವಳು ಶಾಲೆಯಿಂದ ಬಂದಾಗ ಅಪ್ಪ ಹೊಲಿಗೆ ಯಂತ್ರದಿಂದ ತಲೆ ಎತ್ತಿ ತುಂಬ ಮರ್ಯಾದೆಯಿಂದ, "ಕೂತ್ಕೋಮ್ಮ. ನೀನು ಯಾರ ಮಗಳು?" ಎಂದ. ಇವಳು "ನಿಮ್ಮ ಮಗಳೇ" ಎಂದು ಹೇಳಿ, ಚೀಲ ಎಸೆದು, ಮೈದಾನಕ್ಕೆ ಓಡಿಹೋದಳು. ಅವಳು ಯಾಕೆ ಅಷ್ಟು ಓಡುತ್ತಾಳೆ ಎಂದು ಜನ ನನ್ನನ್ನು ಕೇಳುತ್ತಾರೆ. ಆರೋಗ್ಯಕ್ಕೆ ಎಂದು ಹೇಳಿಬಿಡುತ್ತೇನೆ.

ಇರಲಿ, ಇದು ಸಂತೋಷದ ಸಮಾರಂಭ. ಮುಂದಿನ ಭಾಗದಲ್ಲಿ ನನಗೆ ಬಹಳ ಸಂತೋಷವಿದೆ.

ಡಾಕ್ಟರ ಹತ್ತಿರ ಬಾ ಎಂದರೆ ಅವಳು ಒಪ್ಪಲಿಲ್ಲ. "ನನಗೇನಾಗಿದೆ? ನಿದ್ದೆ ಕಡಿಮೆ ಆಗಿದೆ ಅಷ್ಟೇ" ಎಂದಳು. ಆಗ ನಾನು ಒಂದು ಉಪಾಯ ಮಾಡಿದೆ. ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತು, "ಯಾಕೋ ನಂಗೇ ಒಂಥರಾ ಆಗ್ತಿದೆ ಕಣೆ. ಕೊಲೆಸ್ಟ್ರಾಲ್ ಟೆಸ್ಟ್ ಮಾಡಿಸಿಬಿಡ್ತೀನಿ. ಜೊತೆಗೆ ಬರ್ತೀಯಾ?" ಎಂದೆ. ಸಭಿಕರೇ, ಮದುವೆಗೆ ಹೊರಟವರೂ ಅಷ್ಟು ಬೇಗ ಚಪ್ಪಲಿ ಮೆಟ್ಟುವುದಿಲ್ಲ. ಜೀವಮಾನವಿಡೀ ಕಾದಿದ್ದ ದಿನ ಅವಳಿಗೆ ಬಂದಿತ್ತು! ಅಲ್ಲಿಗೆ ಹೋದ ಮೇಲೆ, "ಬಂದಿದ್ದೀಯಲ್ಲ, ನಿಂದೂ ಕೊಟ್ಟುಬಿಡು" ಎಂದೆ. "ಕೊಡ್ತೀನಿ. ಒಳ್ಳೆ ರಿಪೋರ್ಟ್ ಹೇಗಿರುತ್ತೆ ಅಂತ ನೀನೂ ಒಂದು ಸಲ ನೋಡು" ಎಂದು ತೋಳು ಚಾಚಿದಳು.

ರಿಪೋರ್ಟು ಬಂತು. ಅವಳೇ ಒಡೆದಳು. ಮೊದಲು ನನ್ನದನ್ನು ಓದಿದಳು. ಮತ್ತೆ ಓದಿದಳು. ಹಿಂದೆ ತಿರುಗಿಸಿ ನೋಡಿದಳು. ಆಮೇಲೆ ತನ್ನದನ್ನು ಓದಿದಳು.

"ಲ್ಯಾಬಿನವರು ಹೆಸರು ಅದಲು ಬದಲು ಮಾಡಿದಾರೆ" ಎಂದಳು.

ಮತ್ತೆ ರಕ್ತ ಕೊಟ್ಟೆವು. ಈ ಸಲ ಅವಳೇ ನಿಂತು ಸೀಸೆಯ ಮೇಲೆ ಹೆಸರು ಬರೆಸಿದಳು. ಮತ್ತೆ ಅದೇ. ನನ್ನದು ಸಾಧು ಹಸುವಿನಂತಿತ್ತು. ಅವಳದು ಡಾಕ್ಟರು ಕನ್ನಡಕ ಬದಲಾಯಿಸಿ ನೋಡುವಷ್ಟು ಮೇಲೆ ಹೋಗಿತ್ತು. ಆಗ ನನಗೆ ಸಂತೋಷವಾಯಿತೇ? ಛೇ, ಒಡಹುಟ್ಟಿದವಳು. ನನಗೆ ದುಃಖವೇ ಆಯಿತು. ನನ್ನ ರಿಪೋರ್ಟಿಗೆ ಕಟ್ಟು ಹಾಕಿಸಿ ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದು ಬೇರೆ ಕಾರಣಕ್ಕೆ.

ಡಾಕ್ಟರು ಯಾರು ಅಂದುಕೊಂಡಿರಿ? ಈ ಶಾಲೆಯ ಹಳೆಯ ವಿದ್ಯಾರ್ಥಿ. ಆಟದ ಪೀರಿಯಡ್ ಬಂದರೆ ಸಾಕು ಹೊಟ್ಟೆನೋವು ಎಂದು ನನ್ನ ಕ್ಯಾಂಟೀನಿನ ಮೂಲೆಯಲ್ಲಿ ಮುದುರಿಕೊಳ್ಳುತ್ತಿದ್ದ. ಈಗ ಅವನ ಎದುರು ನನ್ನ ತಂಗಿ ನೆಪ ಹೇಳುತ್ತಾ ಕೂತಿದ್ದಳು.

"ಏನೋ ಇದು, ನಿನ್ನ ಮೆಷಿನ್ ಸರಿ ಇದೆಯೇನೋ? ನಾನು ಬೆಣ್ಣೆ ಮುಟ್ಟಲ್ಲ, ದಿನಾ ಓಡ್ತೀನಿ."

"ಮಿಸ್, ನೀವು ಪೀಟಿ ಟೀಚರ್ ಅಂತ ಮೆಷಿನ್‌ಗೆ ಗೊತ್ತಿಲ್ಲ" ಎಂದ ಅವನು. "ಕೆಲವರಿಗೆ ಇದು ತಿಂದಿದ್ದರಿಂದ ಬರಲ್ಲ, ಮನೆತನದಿಂದ ಬರುತ್ತೆ. ಲಿವರ್ ತಾನೇ ಜಾಸ್ತಿ ಮಾಡುತ್ತೆ, ರಕ್ತದಿಂದ ವಾಪಸ್ ತೆಗೆಯೋದು ಕಡಿಮೆ. ನೀವು ಓಡಿದ್ದರಿಂದ ನಿಮ್ಮ ಹೃದಯ ಇಷ್ಟು ದಿನ ಚೆನ್ನಾಗಿದೆ. ಓಡದೆ ಇದ್ದಿದ್ರೆ ಇನ್ನೂ ಮುಂಚೆನೇ ನನ್ನ ಹತ್ರ ಬರ್ತಿದ್ರಿ."

ಅವಳು ಸುಮ್ಮನಾಗುವವಳೇ? ಎಲ್ಲೋ ಓದಿಕೊಂಡು ಬಂದಿದ್ದಳು. "ಮೆದುಳಲ್ಲೇ ಕೊಲೆಸ್ಟ್ರಾಲ್ ತುಂಬಿದೆಯಂತೆ. ಅದು ಇಲ್ಲದೆ ಮೆದುಳು ಕೆಲಸನೇ ಮಾಡಲ್ವಂತೆ. ಮಾತ್ರೆ ಕೊಟ್ಟು ಅದನ್ನೂ ಕರಗಿಸ್ತೀಯೇನೋ?" ಎಂದಳು. ನನಗೆ ಒಂದು ಕ್ಷಣ ಆಸೆಯಾಯಿತು. ಹಾಗಿದ್ದರೆ ನನ್ನ ಬೆಣ್ಣೆ ಬನ್ನು ಮೆದುಳಿಗೆ ಟಾನಿಕ್ಕೇ ಆಯಿತಲ್ಲ! ಡಾಕ್ಟರು ನನ್ನ ಆಸೆಗೂ ತಣ್ಣೀರು ಹಾಕಿದರು.

"ಮೆದುಳಿಗೆ ಬೇಕಾದ ಕೊಲೆಸ್ಟ್ರಾಲನ್ನ ಮೆದುಳೇ ಮಾಡ್ಕೊಳ್ಳುತ್ತೆ ಮಿಸ್. ರಕ್ತದಲ್ಲಿರೋದಕ್ಕೆ ಒಳಗೆ ಪ್ರವೇಶ ಇಲ್ಲ. ಅದು ಹೊರಗಡೆ ರಕ್ತನಾಳದ ಗೋಡೆಗೆ ಮೆತ್ತಿಕೊಂಡು ದಾರಿ ಕಿರಿದು ಮಾಡುತ್ತೆ. ಮೆದುಳಿಗೆ ಹೋಗೋ ರಕ್ತ ಕಡಿಮೆ ಆದಾಗ ಅಲ್ಲಲ್ಲಿ ಚಿಕ್ಕ ಚಿಕ್ಕ ಜಾಗ ಒಣಗಿಹೋಗುತ್ತೆ. ಬಾಯಿ ಸೊಟ್ಟ ಆಗಲ್ಲ, ಕೈಕಾಲು ಬೀಳಲ್ಲ. ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಹೆಸರು ಹೋಗುತ್ತೆ, ಮಾಡ್ತಿದ್ದ ಕೆಲಸ ನಡುವೇ ಮರೆತುಹೋಗುತ್ತೆ, ಯೋಚನೆ ನಿಧಾನ ಆಗುತ್ತೆ." ಆಮೇಲೆ ನನ್ನ ಕಡೆ ತಿರುಗಿ, "ಆಂಟಿ, ನಿಮ್ಮ ಕ್ಯಾಂಟೀನ್ ಸಿಂಕ್‌ಗೆ ಎಣ್ಣೆ ಸುರಿದ್ರೆ ಏನಾಗುತ್ತೆ?" ಎಂದ. ನನಗೆ ಒಂದೇ ಏಟಿಗೆ ಅರ್ಥವಾಯಿತು. ಸಿಂಕಿನ ವಿಷಯದಲ್ಲಿ ನನ್ನಷ್ಟು ಅನುಭವ ಈ ಸಭೆಯಲ್ಲಿ ಯಾರಿಗೂ ಇರಲಾರದು.

ಎಲ್ಲ ಮರೆವೂ ಇದರಿಂದಲೇ ಬರುವುದಿಲ್ಲ ಎಂದೂ ಅವನು ಹೇಳಿದ. ಥೈರಾಯ್ಡು, ವಿಟಮಿನ್ನು, ಬಿಪಿ ಎಲ್ಲ ನೋಡಿದ. ಬಿಪಿ ಕೊಂಚ ಹೆಚ್ಚಿತ್ತು, ಉಳಿದದ್ದು ಸರಿ ಇತ್ತು. ತಲೆಯ ಸ್ಕ್ಯಾನ್ ಮಾಡಿಸಿದ. ಅದರಲ್ಲಿ ಅಲ್ಲಲ್ಲಿ ಆ ಚಿಕ್ಕ ಚುಕ್ಕೆಗಳಿದ್ದವು. ಅವನು ಬೆರಳಿಟ್ಟು ತೋರಿಸುವಾಗ ಇವಳು ಚಿತ್ರ ನೋಡಲಿಲ್ಲ, ಅವನ ಮುಖ ನೋಡುತ್ತಿದ್ದಳು. "ನಮ್ಮಪ್ಪನಿಗೂ ಇದೇನಾ ಆಗಿದ್ದು?" ಎಂದು ಕೇಳಿದಳು. ಅವನು, "ಈಗ ಹೇಳೋಕಾಗಲ್ಲ ಮಿಸ್. ಇದ್ದರೂ ಇರಬಹುದು. ಆದರೆ ಅವರಿಗೆ ಆಗ ಮಾತ್ರೆ ಇರಲಿಲ್ಲ. ನಿಮಗಿದೆ" ಎಂದ.

ಇಷ್ಟಾದ ಮೇಲೆ ಅವಳು ಮಾತ್ರೆ ನುಂಗಿದಳು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಬಟ್ಟೆ ಒಗೆಯುವಾಗ ಅವಳ ಟ್ರ್ಯಾಕ್ ಪ್ಯಾಂಟಿನ ಜೇಬಿನಲ್ಲಿ ಬಿಳಿ ಹಿಟ್ಟಿನಂಥದ್ದು ಮೆತ್ತಿಕೊಂಡಿತ್ತು. ಮಾತ್ರೆಗಳು ಕರಗಿಹೋಗಿದ್ದವು. ನನ್ನ ವಾಷಿಂಗ್ ಮೆಷಿನ್ನಿನ ಕೊಲೆಸ್ಟ್ರಾಲ್ ಮಾತ್ರ ಆ ತಿಂಗಳು ಚೆನ್ನಾಗಿ ಇಳಿದಿರಬೇಕು.

ಅವತ್ತು ಅಡುಗೆಮನೆಯಲ್ಲಿ ನಮಗೆ ಜಗಳವಾಯಿತು. ಐವತ್ತು ದಾಟಿದ ಇಬ್ಬರು ಹೆಂಗಸರು ಒದ್ದೆ ಪ್ಯಾಂಟನ್ನು ಆ ಕಡೆ ಈ ಕಡೆ ಎಳೆದಾಡಿದೆವು.

"ಯಾಕೆ ನುಂಗಲ್ಲ? ಹೇಳು."

"ನುಂಗಿದ್ರೆ ನನಗೆ ಕಾಯಿಲೆ ಇದೆ ಅಂತ ಒಪ್ಕೊಂಡ ಹಾಗೆ."

"ನುಂಗದಿದ್ರೆ ಇರಲ್ವಾ?"

"ನಿನಗೇನು ಅಕ್ಕಾ! ಅಪ್ಪ ನಿನ್ನ ಹೆಸರು ಮರೀಲಿಲ್ಲ. ನನ್ನದು ಮರೆತ. ನಾಳೆ ನಾನು ಮಕ್ಕಳಿಗೆ ಕೂತ್ಕೊಳ್ಳಿ, ನೀವು ಯಾರ ಮಕ್ಕಳು ಅಂತ ಕೇಳ್ತೀನಾ?"

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳ ಮನಸ್ಸಿನಲ್ಲಿ ಇದಿದೆ ಎಂದು ನನಗೆ ತಿಳಿದಿರಲಿಲ್ಲ. ಪ್ಯಾಂಟು ಬಿಟ್ಟುಬಿಟ್ಟೆ. ಆಮೇಲೆ ಆವೇಶದಲ್ಲಿ ಒಂದು ಮಾತು ಆಡಿದೆ. ಆ ಮಾತಿಗೆ ಇವತ್ತಿನವರೆಗೂ ದಂಡ ಕಟ್ಟುತ್ತಿದ್ದೇನೆ. "ನೀನು ಮಾತ್ರೆ ನುಂಗು. ನಾನು ದಿನಾ ನಿನ್ನ ಜೊತೆ ನಡೀತೀನಿ" ಎಂದೆ.

ಅವಳ ಮುಖ ಅರಳಿದ್ದು ನೀವು ನೋಡಬೇಕಿತ್ತು. ಮರುದಿನ ಬೆಳಗ್ಗೆ ಸೂರ್ಯನಿಗಿಂತ ಮುಂಚೆ ನನ್ನ ಮಂಚದ ಪಕ್ಕ ನಿಂತು ಸೀಟಿ ಊದಿದಳು. ಪಕ್ಕದ ಮನೆಯವರೂ ಎದ್ದರು. ಮೊದಲ ದಿನ ರಸ್ತೆಯ ಮೂಲೆಯವರೆಗೆ ಹೋಗಿ ನಾನು ಅಂಚೆಪೆಟ್ಟಿಗೆಯನ್ನು ತಬ್ಬಿಕೊಂಡು ನಿಂತೆ. ಕಾಗದ ಹಾಕಲು ಬಂದ ಯಾರೋ ಪುಣ್ಯಾತ್ಮರು ನನ್ನ ಪಕ್ಕದಿಂದ ಕೈ ತೂರಿಸಿ ಹಾಕಿ ಹೋದರು. ರಿಪೋರ್ಟ್ ಚೆನ್ನಾಗಿದ್ದರೂ ನನ್ನ ಮಂಡಿಗಳ ಅಭಿಪ್ರಾಯ ಬೇರೆಯೇ ಇತ್ತು. ಮನೆಗೆ ಬಂದು ನಾನು ಎದುರು ಕೂತು ಅವಳ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ಮಾತ್ರೆ ಒಳಗೆ ಹೋದದ್ದನ್ನು ನೋಡುತ್ತಿದ್ದೆ. ಕ್ಯಾಂಟೀನಿನಲ್ಲಿ ಕರಿದದ್ದು ಕಡಿಮೆ ಮಾಡಿದೆ. ಬೇಯಿಸಿದ ಕಾಳು ಇಟ್ಟ ಮೊದಲ ದಿನ ಮಕ್ಕಳು ನನ್ನನ್ನು ನೋಡಿದ್ದು ಆ ದಪ್ಪ ಹುಡುಗ ನೋಡಿದ ಹಾಗೆಯೇ. ಕ್ರಮೇಣ ಒಗ್ಗಿಕೊಂಡರು. ಬೇರೆ ಅಂಗಡಿ ದೂರವಿತ್ತು.

ಕೆಲವು ತಿಂಗಳಲ್ಲಿ ಅವಳ ಕೊಲೆಸ್ಟ್ರಾಲ್ ಇಳಿಯಿತು. ನೆನಪು? ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಒಣಗಿದ ಜಾಗ ಮತ್ತೆ ಹಸಿರಾಗಲ್ಲ ಮಿಸ್. ಹೊಸದು ಒಣಗದ ಹಾಗೆ ನೋಡ್ಕೋಬಹುದು. ಉಳಿದಿರೋ ಮೆದುಳು ಬೇರೆ ದಾರಿ ಕಲಿಯುತ್ತೆ" ಎಂದರು. ಹಾಗೇ ಆಯಿತು. ಕೆಲವು ಹೆಸರು ಬಂದವು, ಕೆಲವು ಬರಲೇ ಇಲ್ಲ. ಅವಳು ಬೇರೆ ದಾರಿ ಕಲಿತಳು. ಬೆಳಗ್ಗೆ ಗೇಟಿನ ಹತ್ತಿರ ನಿಂತು ಒಳಗೆ ಬರುವ ಪ್ರತಿ ಮಗುವಿನ ಕೈ ಕುಲುಕಿ, "ನಿನ್ನ ಹೆಸರು ಜೋರಾಗಿ ಹೇಳು!" ಎನ್ನತೊಡಗಿದಳು. ಎಲ್ಲರನ್ನೂ ಕೇಳಿದರೆ ಯಾರನ್ನು ಮರೆತಿದ್ದಾಳೆ ಎಂದು ಯಾರಿಗೆ ಗೊತ್ತಾಗುತ್ತದೆ? ನಾಚಿಕೊಳ್ಳುತ್ತಿದ್ದ ಮಕ್ಕಳು ಗಂಟಲು ಬಿಟ್ಟು ಹೆಸರು ಕೂಗತೊಡಗಿದರು. ಮುಖ್ಯೋಪಾಧ್ಯಾಯಿನಿಯವರು ಅದನ್ನು ನೋಡಿ, "ಆತ್ಮವಿಶ್ವಾಸ ಬೆಳೆಸುವ ಹೊಸ ವಿಧಾನ" ಎಂದು ಎಲ್ಲ ಶಿಕ್ಷಕರಿಗೂ ಕಡ್ಡಾಯ ಮಾಡಿದರು. ಮೇಡಂ, ನೀವು ಮತ್ತೆ ಎದ್ದು ನಿಲ್ಲುತ್ತಿದ್ದೀರಿ. ಇದೇ ಕೊನೆ, ಇನ್ನು ಯಾವ ವಿಧಾನವೂ ಉಳಿದಿಲ್ಲ.

ಇಷ್ಟೆಲ್ಲವನ್ನು ಅವಳ ನಿವೃತ್ತಿಯ ದಿನ, ಅವಳ ಎದುರಿಗೇ, ಇಷ್ಟು ಜನರ ಮುಂದೆ ಯಾಕೆ ಹೇಳುತ್ತಿದ್ದೇನೆ? ಇದು ಒಳ್ಳೆಯ ಮಾತೇ? ಅಕ್ಕ ಆದವಳು ಮಾಡುವ ಕೆಲಸವೇ? ನಿಮಗೆ ಅನ್ನಿಸುತ್ತಿರಬಹುದು. ಅದಕ್ಕೆ ಕಳೆದ ವಾರದ ಒಂದು ಸಂಜೆಯನ್ನು ಹೇಳಬೇಕು.

ಆಹ್ವಾನ ಪತ್ರಿಕೆ ಮನೆಗೆ ಬಂತು. ಮುಖ್ಯ ಅತಿಥಿ ಯಾರು ಎಂದು ನೋಡಿ ಅವಳು ಪತ್ರಿಕೆಯನ್ನು ಮಡಚಿಟ್ಟಳು. ಆಮೇಲೆ ಕೇಳಿದಳು:

"ಅಕ್ಕಾ, ಈ ಹುಡುಗಿ ಎಲ್ಲಿ ಹೋದ್ರೂ ನನ್ನ ಹೆಸರು ಹೇಳುತ್ತೆ. ನಿಲ್ಲಿಸದೆ ಓಡಿಸಿದ್ರು ಅಂತ. ನಾನೂ ಹೂಂ ಅಂತೀನಿ. ಆದ್ರೆ ಆ ಮಧ್ಯಾಹ್ನ ನನ್ನ ತಲೆಯಲ್ಲಿ ಇಲ್ಲ ಅಕ್ಕಾ. ಎಷ್ಟು ಹುಡುಕಿದ್ರೂ ಇಲ್ಲ. ನಾನು ನಿಜವಾಗ್ಲೂ ಹಾಗೆ ಓಡಿಸಿದ್ನಾ?"

ಡಾಕ್ಟರಿಗೆ ಎಲ್ಲ ನಾನೇ ಹೇಳಿದ್ದೆ, ಅವಳು ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅವಳಿಗೆ ನೆನಪಿದೆ, ನಾಚಿಕೆಗೆ ಮಾತಾಡುವುದಿಲ್ಲ ಎಂದುಕೊಂಡು ನಾನು ಆ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಅವಳಿಗೆ ಅದು ಇರಲೇ ಇಲ್ಲ. ಎಲ್ಲರೂ ಹೇಳುವ ಕಥೆಯನ್ನೇ ಅವಳೂ ನಂಬಿಕೊಂಡು ಬಂದಿದ್ದಳು.

ಹೇಳಿದೆ. ಎಲ್ಲವನ್ನೂ ಹೇಳಿದೆ. ಯಾರು ಆ ಬುದ್ಧಿ ಇಲ್ಲದೋರು ಎಂದು ಅವಳು ಕೇಳಿದ್ದನ್ನು ಹೇಳಿದಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು! ಹಾಸ್ಯವೇ ಬಾರದ ನನ್ನ ತಂಗಿ ಗೋಡೆಗೆ ಒರಗಿ ನಗುತ್ತಿದ್ದಳು. "ಆ ಹುಡುಗನಿಗೆ ಬಿಸ್ಕತ್ತು ತೋರಿಸಿದ್ಯಾ? ಪ್ರಾಣ ಹೋಗ್ತಿದ್ದೋನಿಗೆ?" ಎಂದು ಮತ್ತೆ ಮತ್ತೆ ಕೇಳಿ ನಕ್ಕಳು. ನಗು ನಿಂತ ಮೇಲೆ ಕಣ್ಣು ಒರೆಸಿಕೊಂಡು ಹೇಳಿದಳು:

"ನೀನು ಅವತ್ತು ಸಭೆಯಲ್ಲಿ ಇದನ್ನೇ ಹೇಳು. ನಾನೇ ಹೇಳ್ತಿದ್ದೆ, ಆದ್ರೆ ನಾನು ಅಲ್ಲಿ ಇರಲಿಲ್ವಲ್ಲ. ನೀನಿದ್ದೆ. ಆ ಹಾಲಲ್ಲಿ ನನ್ನ ಹಾಗೆ ತೆಳ್ಳಗಿರೋರು, ನನಗೇನಾಗಿದೆ ಅನ್ನೋರು, ಎಷ್ಟೋ ಜನ ಕೂತಿರ್ತಾರೆ. ನಾನು ಕಣ್ಣು ಬಿಟ್ರೂ ನಿಲ್ಲಿಸ್ಬೇಡ."

ಆದ್ದರಿಂದಲೇ ಸಭಿಕರೇ, ಅವಳು ಆಗಿನಿಂದ ಕಣ್ಣು ಬಿಡುತ್ತಿದ್ದರೂ ನಾನು ನಿಲ್ಲಿಸಿಲ್ಲ. ತೆಳ್ಳಗಿರುವವರು ದಯವಿಟ್ಟು ಕೇಳಿಸಿಕೊಳ್ಳಿ, ನಾಳೆಯೇ ಹೋಗಿ ರಕ್ತ ಕೊಡಿ. ದಪ್ಪಗಿರುವವರು ನಗಬೇಡಿ, ನೀವೂ ಕೊಡಿ. ಮನೆಯಲ್ಲಿ ಯಾರಾದರೂ ಕೇಳಿದ್ದನ್ನೇ ಕೇಳುತ್ತಿದ್ದರೆ ರೇಗಬೇಡಿ, ನಗಬೇಡಿ, ಕರೆದುಕೊಂಡು ಹೋಗಿ. ಎದೆ ಹಿಡಿದುಕೊಂಡು ನಾಟಕ ಮಾಡಬೇಕಾದರೆ ಮಾಡಿ. ಹೇಗೆ ಮಾಡುವುದೆಂದು ಬೇಕಾದರೆ ಕ್ಯಾಂಟೀನಿಗೆ ಬನ್ನಿ, ನಾನೇ ಕಲಿಸಿಕೊಡುತ್ತೇನೆ.

ಇನ್ನು ಮುಖ್ಯ ಅತಿಥಿಗಳಿಗೆ ಒಂದು ಮಾತು. ಮಗಳೇ, ಮುಖ ಸಣ್ಣದು ಮಾಡಿಕೊಳ್ಳಬೇಡ. ನಿನ್ನ ಟೀಚರ್ ನಿನ್ನನ್ನು ಓಡಿಸಲಿಲ್ಲ, ಮರೆತಿದ್ದರು. ಇದು ನಿಜ. ಹಾಗಾದರೆ ನಿನ್ನ ಪದಕಗಳು ಎಲ್ಲಿಂದ ಬಂದವು? ನಾನು ಕಿಟಕಿಯಲ್ಲಿದ್ದೆನಲ್ಲ, ನನಗೆ ಗೊತ್ತು. ಅಳುತ್ತಾ ಓಡಿದೆವು ಎಂದೆ ನೀನು. ಉಳಿದವರು ಅತ್ತರು, ನೀನು ಅಳಲಿಲ್ಲ. ಟೀಚರ್ ಕೊನೆಗೆ ಸೀಟಿ ಊದಿದಾಗ ಎಲ್ಲರೂ ನೆಲಕ್ಕೆ ಬಿದ್ದರು. ಒಬ್ಬಳು ಮಾತ್ರ ನಿಲ್ಲಲಿಲ್ಲ. ಎರಡು ಜಡೆ, ಒಂದು ಷೂ ಲೇಸು ಬಿಚ್ಚಿತ್ತು. ಕೇಳಿಸಲಿಲ್ಲವೋ, ಬೇಕಾಗಲಿಲ್ಲವೋ, ಖಾಲಿ ಮೈದಾನವನ್ನು ಒಬ್ಬಳೇ ಇನ್ನೊಂದು ಸುತ್ತು ಹಾಕಿದಳು. ಆ ಸುತ್ತು ಯಾರೂ ನಿನ್ನನ್ನು ಓಡಿಸಿದ್ದಲ್ಲ. ನಿನಗೆ ಅದು ಮರೆತುಹೋಗಿದೆ ಅಂತ ಕಾಣುತ್ತದೆ. ನೋಡು, ಕೊಲೆಸ್ಟ್ರಾಲ್ ಇಲ್ಲದವರೂ ಮರೆಯುತ್ತಾರೆ.

ಇಷ್ಟು ವರ್ಷ ಆ ಮಧ್ಯಾಹ್ನವನ್ನು ನಾನೊಬ್ಬಳೇ ಇಟ್ಟುಕೊಂಡಿದ್ದೆ. ನನಗೂ ವಯಸ್ಸಾಯಿತು, ನಾಳೆ ನನ್ನ ತಲೆ ಹೇಗಿರುತ್ತದೋ ಎಂಬ ಭಯವಿತ್ತು. ಈಗ ಅದು ಈ ಹಾಲಿನಲ್ಲಿರುವ ನಿಮ್ಮೆಲ್ಲರ ತಲೆಯಲ್ಲಿದೆ. ಅವಳು ಮುಂದೆ ಎಂದಾದರೂ ಮತ್ತೆ ಕೇಳಿದರೆ, ನಾನಿಲ್ಲದಿದ್ದರೆ, ನಿಮ್ಮಲ್ಲಿ ಯಾರಾದರೂ ಒಬ್ಬರು ಹೇಳಿ. ಬಿಸ್ಕತ್ತಿನ ವಿಷಯ ಬಿಡಬೇಡಿ, ಅಲ್ಲಿ ಅವಳು ನಗುತ್ತಾಳೆ.

ತಾಳ್ಮೆಯಿಂದ ಕೇಳಿದ ನಿಮಗೆ, ಐದು ನಿಮಿಷವನ್ನು ಇಷ್ಟು ಉದ್ದ ಎಳೆಯಲು ಬಿಟ್ಟ ಅಧ್ಯಕ್ಷರಿಗೆ, ಗಡಿಯಾರ ನೋಡುವುದನ್ನು ಆಗಲೇ ನಿಲ್ಲಿಸಿದ ಗಣಿತದ ಮೇಷ್ಟ್ರಿಗೆ, ಮತ್ತು ಈಗ ವೇದಿಕೆಯ ಮೇಲೆ ತನ್ನ ಟೀಚರ ಕೈ ಹಿಡಿದು ಕೂತಿರುವ ಆ ಮಗಳಿಗೆ ನನ್ನ ಧನ್ಯವಾದಗಳು. ಎಲ್ಲರಿಗೂ ನಮಸ್ಕಾರ.